ವಾಸ್ಕೋದ ಈ ಮೀನಂಗಡಿಯಲ್ಲಿ ಮಾಣಕಿಗೆ ಮೂರು ಕ್ರೇಟ್ ಯಾಕೆ

ವಾಸ್ಕೋ ಮೀನು ಮಾರ್ಕೆಟ್‌ನಿಂದ ಖಾರಿವಾಡೊ ಜೆಟ್ಟಿ ಕಡೆ ನಡೆಯುತ್ತಾ ಹೋದರೆ ತಗಡಿನ ಮಾಡಿನ ಒಂದು ಸಣ್ಣ ಅಂಗಡಿ ಸಿಗುತ್ತದೆ. ಬೋರ್ಡಿಲ್ಲ, ಹೆಸರೂ ಇಲ್ಲ. ನಡೆಸುವವರು ಕಾರವಾರ ಕಡೆಯ ಗಂಡ ಹೆಂಡತಿ. ಗಿರಾಕಿಗಳಲ್ಲಿ ಅರ್ಧ ಜನ ಬೈನಾ, ಜುವಾರಿನಗರದ ನಮ್ಮ ಕನ್ನಡದವರು. "ಅಕ್ಕಾ, ಇವತ್ತು ಏನಿದೆ" ಅಂತ ಕನ್ನಡದಲ್ಲೇ ಕೇಳಬಹುದು, ಕೊಂಕಣಿ ಬರದಿದ್ದರೂ ನಡೆಯುತ್ತದೆ. ಎರಡು ವರ್ಷದಿಂದ ನಾನು ಮೀನು ತರುವುದು ಅಲ್ಲಿಂದಲೇ. ಬಂಗಡೆ, ತಾರ್ಲೆ, ಶೆಟ್ಲಿ ಎಲ್ಲ ಚೆನ್ನಾಗಿರುತ್ತದೆ, ಆದರೆ ಅವು ಬೇರೆ ಕಡೆಯೂ ಚೆನ್ನಾಗಿಯೇ ಸಿಗುತ್ತವೆ. ನಾನು ಬರೆಯಲು ಕೂತಿದ್ದು ಅಲ್ಲಿನ ಮಾಣಕಿ ಮತ್ತು ಆಕ್ಟೋಪಸ್ ಬಗ್ಗೆ. ಇವೆರಡನ್ನೂ ಇಷ್ಟು ಕಾಳಜಿಯಿಂದ ಮಾರುವ ಅಂಗಡಿಯನ್ನು ಗೋವಾದಲ್ಲಿ ನಾನು ಇನ್ನೊಂದು ನೋಡಿಲ್ಲ.

ಮಾಣಕಿ ಅಂದರೆ ಸ್ಕ್ವಿಡ್. ಮಂಗಳೂರಿನವರಿಗೆ ಬೊಂಡಾಸ್ ಅಂದರೆ ಗೊತ್ತಾಗುತ್ತದೆ, ಮುಂಬೈಯಲ್ಲಿ ಮಾಕುಲ್ ಅಂತಾರೆ. ಬೇರೆ ಅಂಗಡಿಗಳಲ್ಲಿ ಮಾಣಕಿಯಲ್ಲಿ ಎರಡೇ ಬಗೆ, ದೊಡ್ಡದು ಮತ್ತು ಸಣ್ಣದು. ಇಲ್ಲಿ ಮೂರು ಕ್ರೇಟ್ ಇರುತ್ತವೆ. ಪ್ರತಿ ಕ್ರೇಟ್‌ಗೆ ಒರಗಿಸಿ ಒಂದು ಸ್ಲೇಟು ಇಟ್ಟಿರುತ್ತಾರೆ, ಶಾಲೆ ಮಕ್ಕಳದ್ದು. ಅದರಲ್ಲಿ ಬಳಪದಿಂದ ಬರೆದಿರುತ್ತದೆ: ಯಾವ ಜೆಟ್ಟಿಯದು, ಅದೇ ದಿನ ವಾಪಸ್ ಬಂದ ಬೋಟೋ ಅಥವಾ ವಾರ ಸಮುದ್ರದಲ್ಲಿದ್ದ ಬೋಟೋ, ಎಷ್ಟು ಆಳದಲ್ಲಿ ಬಲೆ ಎಳೆದರು, ಕೊನೆಗೆ ರೇಟು. ಮೊದಲ ಸಲ ಅದನ್ನು ನೋಡಿದಾಗ ನಾನು ಹಾಗೇ ನಿಂತುಬಿಟ್ಟೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುವಾಗ ನಮ್ಮ ಮೇಷ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಅದು. ಹಿಡಿದ ಜಾಗ, ದಿನ, ಬಲೆ ಬರೆದಿಡಿ, ಇಲ್ಲದಿದ್ದರೆ ಆ ಮೀನಿನಿಂದ ನಿಮಗೆ ಊಟ ಸಿಗಬಹುದು, ಬೇರೇನೂ ಗೊತ್ತಾಗುವುದಿಲ್ಲ.

ಅಕ್ಕ ಕಾಲೇಜಿಗೆ ಹೋದವರಲ್ಲ. ಸ್ಲೇಟು ಯಾಕೆ ಅಂತ ಕೇಳಿದೆ. ಹೋಟೆಲಿನ ಅಡುಗೆಯವರು ಬಂದು ಜಗಳ ಮಾಡುತ್ತಿದ್ದರಂತೆ. ಒಂದು ವಾರ ಎರಡು ನಿಮಿಷದಲ್ಲಿ ಬೆಂದ ಮಾಣಕಿ ಮುಂದಿನ ವಾರ ಅಷ್ಟೇ ಹೊತ್ತಿಗೆ ರಬ್ಬರ್ ಆಗುತ್ತದೆ, ನೀವು ಹಳೇದು ಕೊಟ್ಟಿದ್ದೀರಿ ಅಂತ. ಹಳೇದಲ್ಲ ಅಂತ ಅಕ್ಕನಿಗೆ ಗೊತ್ತು. ಹಾಗಾದರೆ ಬೇರೆ ಏನು? ಆಗಿನಿಂದ ಬೇರೆ ಬೇರೆ ಬೋಟಿನದನ್ನು ಬೇರೆ ಬೇರೆ ಇಡಲು ಶುರು ಮಾಡಿದರು. ಒಂದು ವರ್ಷದಲ್ಲಿ ಅವರಿಗೆ ಯಾವುದು ಯಾವ ತಿಂಗಳು ಹೇಗಿರುತ್ತದೆ ಅನ್ನುವುದು ಬಾಯಿಪಾಠವಾಯಿತು.

ಇದು ನನಗೆ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಹೇಳಬೇಕಾದರೆ, ಈ ಅಂಗಡಿ ಸಿಗುವ ಮೊದಲಿನ ಒಂದು ಕಥೆ ಹೇಳಬೇಕು. ಹುಬ್ಬಳ್ಳಿಯಿಂದ ನಮ್ಮ ಚಿಕ್ಕಮ್ಮನ ಮನೆಯವರು ಬಂದಿದ್ದರು. ಜುಲೈ ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ, ತಾಜಾ ಮಾಣಕಿ ಎಲ್ಲಿಂದ ಬರಬೇಕು. ಮಕ್ಕಳು ಮಾತ್ರ ರಿಂಗ್ಸ್ ಬೇಕು ಅಂತ ಹಠ ಹಿಡಿದಿದ್ದವು. ಒಂದು ದೊಡ್ಡ ಅಂಗಡಿಯಿಂದ ಫ್ರೋಜನ್ ಪ್ಯಾಕೆಟ್ ತಂದೆ. ಬಿಡಿಸಿ ನೋಡಿದರೆ ಒಂದೊಂದು ರಿಂಗ್ ಹೆಬ್ಬೆರಳಿನಷ್ಟು ದಪ್ಪ, ಬಳೆ ಹಾಗೆ ದುಂಡಗೆ, ಎಲ್ಲ ಒಂದೇ ಅಚ್ಚಿನಲ್ಲಿ ಕತ್ತರಿಸಿದ ಹಾಗೆ. ಬಾಣಲೆಗೆ ಹಾಕಿದ ಕೂಡಲೇ ನೀರು ಬಿಡಲು ಶುರುವಾಯಿತು. ಬಿಟ್ಟಿತು, ಬಿಟ್ಟಿತು, ನಿಲ್ಲಲೇ ಇಲ್ಲ. ಅರ್ಧ ಕಿಲೋ ಹೋಗಿ ಕಾಲು ಕಿಲೋ ಆಯಿತು. ತಿಂದರೆ ನಾಲಿಗೆಯ ಹಿಂದೆ ಒಂಥರಾ ಹುಳಿ ಕಹಿ. ಮಕ್ಕಳು ಒಂದೊಂದು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದವು. ಆ ತಟ್ಟೆಗಳು ನನಗೆ ಇವತ್ತಿಗೂ ಕಣ್ಣ ಮುಂದೆ ಇವೆ.

ಪ್ಯಾಕೆಟ್ ಮೇಲೆ ಏನಿತ್ತು ಗೊತ್ತಾ? ಸ್ಕ್ವಿಡ್ ರಿಂಗ್ಸ್. ಅಷ್ಟೇ. ಯಾವ ಜಾತಿ, ಯಾವ ಸಮುದ್ರ, ಏನೂ ಇಲ್ಲ. ಫೋನ್ ಮಾಡಿ ಕೇಳಿದರೆ ಆ ಕಡೆಯ ಹುಡುಗ ಹೇಳಿದ, "ಸ್ಕ್ವಿಡ್ ಎಲ್ಲ ಒಂದೇ ಅಲ್ವಾ?"

ಒಂದೇ ಅಲ್ಲ. ಪೆಸಿಫಿಕ್ ಸಾಗರದ ಅಮೆರಿಕ ಬದಿಯಲ್ಲಿ ಸಿಗುವ ಹಂಬೋಲ್ಟ್ ಸ್ಕ್ವಿಡ್ ಆಳು ಉದ್ದ ಬೆಳೆಯುತ್ತದೆ. ನೀರಿನಲ್ಲಿ ಹಗುರವಾಗಿರಲು ಅದರ ಮೈಯಲ್ಲಿ ಅಮೋನಿಯಂ ಉಪ್ಪು ಇರುತ್ತದೆ, ಸರಿಯಾಗಿ ತೊಳೆದು ತೆಗೆಯದಿದ್ದರೆ ಆ ಹುಳಿ ಕಹಿ ಉಳಿಯುತ್ತದೆ. ಅದರ ದಪ್ಪ ಮಾಂಸವನ್ನು ಅಚ್ಚಿನಲ್ಲಿ ಒತ್ತಿ ರಿಂಗ್ ಮಾಡುವುದೂ ಇದೆ. ಇನ್ನು ಎಕ್ಸ್‌ಪೋರ್ಟ್ ಪ್ಲಾಂಟಿನಲ್ಲಿ ಕೆಲವು ವರ್ಷ ಗುಣಮಟ್ಟ ನೋಡುವ ಕೆಲಸ ಮಾಡಿದ ನನಗೆ, ಫಾಸ್ಫೇಟ್ ನೀರಿನಲ್ಲಿ ನೆನೆಸಿ ತೂಕ ಏರಿಸಿದ ಮಾಲು ಬಾಣಲೆಯಲ್ಲಿ ಹೇಗೆ ಅಳುತ್ತದೆ ಅಂತಲೂ ಗೊತ್ತು. ನನ್ನ ಪ್ಯಾಕೆಟ್‌ನಲ್ಲಿ ಇದ್ದದ್ದು ಇವುಗಳಲ್ಲಿ ಯಾವುದು ಅಂತ ತಿಳಿಯಲು ದಾರಿಯೇ ಇರಲಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ದುಡ್ಡು ಹೋದದ್ದು ಆಮೇಲಿನ ಮಾತು.

ಈಗ ಅಂಗಡಿಗೆ ಬರುತ್ತೇನೆ.

ಕಳೆದ ನವೆಂಬರ್‌ನಲ್ಲಿ ಎರಡು ಕ್ರೇಟ್‌ನಿಂದ ಅರ್ಧರ್ಧ ಕಿಲೋ ತಂದು ಅಡುಗೆಮನೆಯ ಕಟ್ಟೆ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದು ಖಾರಿವಾಡೊದ್ದು, ರಾತ್ರಿ ಹೋಗಿ ಬೆಳಗ್ಗೆ ಬಂದ ಬೋಟು. ಇನ್ನೊಂದು ಕಾರವಾರದ ಆಚೆ ಆಳದಲ್ಲಿ ಎಳೆದದ್ದು, ಬೋಟು ಏಳು ದಿನ ಸಮುದ್ರದಲ್ಲಿತ್ತು. ಎರಡೂ ಒಂದೇ ಜಾತಿ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಜಾಸ್ತಿ ಸಿಗುವ ಭಾರತದ ಸ್ಕ್ವಿಡ್, ಶಾಸ್ತ್ರದ ಹೆಸರು ಯುರೋಟ್ಯೂಥಿಸ್ ಡುವಾಸೆಲಿ. ಖಾರಿವಾಡೊದ್ದರ ಮುಂಡ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಚರ್ಮದ ಮೇಲಿನ ಕೆಂಪು ಚುಕ್ಕೆಗಳು ಇನ್ನೂ ಜೀವ ಇಟ್ಟುಕೊಂಡಿದ್ದವು. ಉಗುರಿನಿಂದ ಮೆಲ್ಲಗೆ ಗೀರಿದರೆ ಆ ಜಾಗದಲ್ಲಿ ಚುಕ್ಕೆ ದೊಡ್ಡದಾಗಿ ಮತ್ತೆ ಸಣ್ಣದಾಯಿತು. ಇದನ್ನು ನೋಡಿದ ಮೇಲೆ ತಾಜಾ ಅನ್ನಲು ಬೇರೆ ಸಾಕ್ಷಿ ಬೇಡ. ಕಾರವಾರದ್ದು ಗೇಣುದ್ದ, ಬಿಳಿ, ಗಟ್ಟಿ. ಐಸ್‌ನಲ್ಲಿ ಚೆನ್ನಾಗಿಯೇ ಇಟ್ಟಿದ್ದರು ಆದರೆ ಚುಕ್ಕೆ ಸತ್ತಿತ್ತು.

ಸಣ್ಣದನ್ನು ಸೀಳಿದೆ. ಒಳಗೆ ಬೆನ್ನಿಗೆ ಅಂಟಿಕೊಂಡ ಗಾಜಿನಂಥ ಗರಿ, ಎಳೆದರೆ ಸಲೀಸಾಗಿ ಬಂತು. ಅದರ ಕೆಳಗೆ, ನಾನು ಊಹಿಸಿರಲಿಲ್ಲ, ಎರಡು ಬಿಳಿ ಗ್ರಂಥಿ ಉಬ್ಬಿ ನಿಂತಿದ್ದವು, ಹಿಂದೆ ಸಾಬಕ್ಕಿ ಹಾಗೆ ಮೊಟ್ಟೆ ತುಂಬಿತ್ತು. ನಾನು ಮರಿ ಅಂದುಕೊಂಡಿದ್ದು ತಾಯಿ. ಆರೇಳು ಸೀಳಿದೆ, ನಾಲ್ಕರಲ್ಲಿ ಮೊಟ್ಟೆ. ಗೇಣುದ್ದದ್ದರಲ್ಲಿ ಹೆಣ್ಣು ಸಿಕ್ಕಿದ್ದು ಎರಡು, ಒಂದರಲ್ಲಿ ಮೊಟ್ಟೆ ಇನ್ನೂ ಹಣ್ಣಾಗಿರಲಿಲ್ಲ. ಅಂದರೆ ದೊಡ್ಡದು ದೊಡ್ಡ ವಯಸ್ಸಿನದು, ಸಣ್ಣದು ಎಳೇದು ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸ್ಕ್ವಿಡ್‌ಗೆ ವಯಸ್ಸು ಹೇಳುವುದು ಅದರ ತಲೆಯೊಳಗಿನ ಕಲ್ಲು. ಸಾಸಿವೆ ಕಾಳಿಗಿಂತ ಸಣ್ಣ ಎರಡು ಬಿಳಿ ಕಲ್ಲು, ಈಜುವಾಗ ಮೈಯ ಸಮತೋಲ ತಿಳಿಯಲು ಇರುವುದು. ಅದನ್ನು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಮರದ ಕಾಂಡದ ಹಾಗೆ ಉಂಗುರ ಕಾಣುತ್ತವೆ. ಮರದ್ದು ವರ್ಷಕ್ಕೊಂದು, ಇದರದ್ದು ದಿನಕ್ಕೊಂದು. ನಮ್ಮ ಕರಾವಳಿ ಸ್ಕ್ವಿಡ್‌ಗಳ ಆಯಸ್ಸು ಹೆಚ್ಚು ಕಡಿಮೆ ಒಂದು ವರ್ಷ, ಅದಕ್ಕೂ ಕಡಿಮೆಯೇ. ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಅಷ್ಟು ಚಿಕ್ಕ ಬಾಳಿನಲ್ಲಿ ಯಾವ ತಿಂಗಳು ಮೊಟ್ಟೆಯೊಡೆದು ಹೊರಗೆ ಬಂದೆ, ಆಗ ನೀರು ಎಷ್ಟು ಬೆಚ್ಚಗಿತ್ತು, ಊಟ ಎಷ್ಟಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೆಚ್ಚಗಿನ ನೀರಲ್ಲಿ ಬೇಗ ಬೆಳೆಯುತ್ತದೆ, ಬೇಗ ಬಲಿಯುತ್ತದೆ, ಎಷ್ಟೋ ಸಲ ಸಣ್ಣದಾಗಿಯೇ ಮುಗಿಯುತ್ತದೆ. ಅಕ್ಕ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಾರೆ: "ಮಳೆ ಮುಗಿದ ಮೇಲಿನದ್ದು ಬೇರೆ, ಏಪ್ರಿಲ್‌ದು ಬೇರೆ. ಒಂದೇ ಅಂತ ಕುದಿಸಬೇಡಿ."

ಇದು ಎಷ್ಟರ ಮಟ್ಟಿಗೆ ಹೋಗಬಹುದು ಅನ್ನುವುದಕ್ಕೆ ಮತ್ತೆ ಹಂಬೋಲ್ಟ್ ಸ್ಕ್ವಿಡ್‌ನ ಕಥೆಯೇ ಸಾಕು. 2009-10ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ನೀರು ಬಿಸಿಯೇರುವ ಕಾಲ, ಬಂತು. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ನೀರು, ಊಟ ಎಲ್ಲ ಏರುಪೇರಾಯಿತು. ಅಲ್ಲಿ ದೊಡ್ಡ ದೊಡ್ಡ ಸ್ಕ್ವಿಡ್ ಹಿಡಿದು ಬದುಕುತ್ತಿದ್ದವರ ಗಾಳಕ್ಕೆ ಏನೂ ಸಿಗದಾಯಿತು. ಆಮೇಲೆ ನೋಡಿದರೆ ಸ್ಕ್ವಿಡ್ ಇದ್ದವು, ಆದರೆ ಹಿಂದಿನದ್ದಕ್ಕಿಂತ ತೀರಾ ಸಣ್ಣವು. ಆರು ತಿಂಗಳ ಆಸುಪಾಸಿನಲ್ಲೇ ಬಲಿತು ಮೊಟ್ಟೆಗೆ ತಯಾರಾಗಿದ್ದವು. ಬೇರೆ ಜಾತಿ ಬಂದು ಸೇರಿಕೊಂಡದ್ದಲ್ಲ. ಅದೇ ಜಾತಿ ಕಾಲಕ್ಕೆ ತಕ್ಕಂತೆ ತನ್ನ ಬಾಳನ್ನೇ ಕುಗ್ಗಿಸಿಕೊಂಡಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಎಲ್ಲ ವ್ಯತ್ಯಾಸವೂ ನೀರಿನದ್ದೇ, ವಂಶದ್ದು ಏನೂ ಇಲ್ವಾ ಅಂತ ಕೇಳಬಹುದು. ಅದು ಒಂದೊಂದು ಕಡೆ ಒಂದೊಂದು ಥರ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಸುತ್ತ ಹಿಡಿಯುವ ಪೆಟಗೋನಿಯಾ ಸ್ಕ್ವಿಡ್‌ನಲ್ಲಿ ಎರಡು ತಂಡ ಇವೆ, ಒಂದು ವಸಂತದಲ್ಲಿ ಮೊಟ್ಟೆ ಇಡುವುದು, ಇನ್ನೊಂದು ಶರತ್ಕಾಲದಲ್ಲಿ. ಬೆಳೆಯುವ ವೇಗ ಬೇರೆ, ಅಳತೆ ಬೇರೆ. ಎರಡು ಬೇರೆ ಬೇರೆ ವಂಶವೇ ಇರಬೇಕು ಅನ್ನಿಸುತ್ತದೆ ಅಲ್ವಾ. 2004ರಲ್ಲಿ ಪ್ರಕಟವಾದ ಡಿಎನ್‌ಎ ಕೆಲಸ ಅದಲ್ಲ ಅಂತ ತೋರಿಸಿತು. ವಂಶದಲ್ಲಿ ಅವು ಬೇರೆ ಬೇರೆ ಅಲ್ಲ, ಹುಟ್ಟಿದ ಕಾಲ ಮಾತ್ರ ಬೇರೆ. ಆದರೆ ಯುರೋಪಿನ ಇನ್ನೊಂದು ಸ್ಕ್ವಿಡ್, ಲೊಲಿಗೊ ಫೋರ್ಬೆಸಿ ಅಂತ, ಅದರಲ್ಲಿ ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳದ್ದು ನಿಜವಾಗಿಯೂ ಬೇರೆ ವಂಶ. ಯುರೋಪಿನ ದಡಕ್ಕೂ ಆ ದ್ವೀಪಗಳಿಗೂ ನಡುವೆ ಆಳವಾದ ಸಾಗರ. ಈ ಬಗೆಯ ಸ್ಕ್ವಿಡ್ ಮೊಟ್ಟೆಯನ್ನು ತೆಳು ಬೆರಳಿನಂಥ ಲೋಳೆ ಚೀಲಗಳಲ್ಲಿ ಸಮುದ್ರದ ತಳಕ್ಕೆ ಅಂಟಿಸುತ್ತದೆ. ತಳ ಸಿಗದಷ್ಟು ಆಳವನ್ನು ದಾಟಿ ಬೆರೆಯುವುದು ಕಷ್ಟ.

ನಮ್ಮ ಮಾಣಕಿಯೂ ಹೀಗೆ ತಳಕ್ಕೇ ಮೊಟ್ಟೆ ಅಂಟಿಸುವ ಕುಟುಂಬದ್ದು. ಅದೇ ತಳವನ್ನೇ ಟ್ರಾಲ್ ಬಲೆ ಉಜ್ಜಿಕೊಂಡು ಹೋಗುವುದು. ಸ್ಲೇಟಿನ ಮೇಲೆ ಜೆಟ್ಟಿ ಹೆಸರು ನೋಡಿ ನನಗೆ ಖುಷಿಯಾಗಿದ್ದು ಇದಕ್ಕೇ. ಒಂದು ಜಾಗದ ಮಾಣಕಿ ಖಾಲಿಯಾದರೆ ಪಕ್ಕದ ಜಾಗದ್ದು ಬಂದು ತುಂಬುತ್ತದೆ ಅಂತ ಧೈರ್ಯದಿಂದ ಹೇಳಲಾಗದು. ಎಲ್ಲವನ್ನೂ ಒಂದೇ ರಾಶಿ ಹಾಕಿ ಸ್ಕ್ವಿಡ್ ಇಷ್ಟು ಟನ್ ಅಂತ ಬರೆದರೆ ಒಂದು ಊರಿನದ್ದು ಮುಗಿದದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ ನಮ್ಮ ಮಾಣಕಿಯ ಹತ್ತಿರದ ಸಂಬಂಧಿಗಳ ಮೇಲೆ 1990ರ ದಶಕದಲ್ಲಿ ಪರೀಕ್ಷೆ ಮಾಡಿದಾಗ, ನೋಡಲು ಒಂದೇ ಥರ ಇದ್ದವುಗಳಲ್ಲಿ ಬೇರೆ ಬೇರೆ ಜಾತಿ ಅಡಗಿರುವುದು ಗೊತ್ತಾಯಿತು. ನಮ್ಮ ಕಪ್ಪೆ ಬೊಂಡಾಸ್ ಅಂದರೆ ಕಟಲ್‌ಫಿಶ್, ಅದರಲ್ಲಿ ಜಾಸ್ತಿ ಬೆಲೆ ಬರುವ ಸೇಪಿಯಾ ಫರಾವೋನಿಸ್ ಕೂಡ ಹಾಗೆಯೇ. ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾ, ಜಪಾನ್ ಕಡೆಯವರೆಗೆ ಒಂದೇ ಹೆಸರಲ್ಲಿ ಮಾರುತ್ತಾರೆ, ಡಿಎನ್‌ಎ ನೋಡಿದರೆ ಅದರಲ್ಲಿ ಐದು ಗುಂಪು.

ಮೂರನೇ ಕ್ರೇಟ್ ಬಗ್ಗೆ ಹೇಳುವುದು ಬಾಕಿ ಇದೆ. ಅದು ತಿಂಗಳಲ್ಲಿ ಒಂದೆರಡು ಸಲ ಮಾತ್ರ ತುಂಬಿರುತ್ತದೆ. ದೂರದ ಸಮುದ್ರಕ್ಕೆ ಹೋದ ಬೋಟಿನವರು ತರುವ ನೇರಳೆ ಬೆನ್ನಿನ ಸ್ಕ್ವಿಡ್. ಕಡು ನೇರಳೆ, ದಪ್ಪ ಗೋಡೆ. ಅರಬ್ಬಿ ಸಮುದ್ರಕ್ಕೂ ಇದಕ್ಕೂ ವಿಶೇಷ ನಂಟು. ಈ ಜಾತಿಯಲ್ಲಿ ಮೂರು ರೂಪ ಇವೆ. ಸಮಭಾಜಕ ವೃತ್ತದ ಹತ್ತಿರದ ಕುಳ್ಳ ರೂಪ ಗೇಣಿಗಿಂತ ಚಿಕ್ಕದಿರುವಾಗಲೇ ಬಲಿತುಬಿಡುತ್ತದೆ, ಅದರ ಬೆನ್ನಿನ ಮೇಲೆ ಬೆಳಕು ಕೊಡುವ ಮಚ್ಚೆಯೂ ಇಲ್ಲ. ಮಧ್ಯಮ ರೂಪ ಎಲ್ಲ ಕಡೆ ಇದೆ. ದೈತ್ಯ ರೂಪ ಸಿಗುವುದು ಅರಬ್ಬಿ ಸಮುದ್ರ, ಏಡನ್ ಕೊಲ್ಲಿ, ಕೆಂಪು ಸಮುದ್ರದ ಕಡೆ. ಅದರ ಮುಂಡವೇ ಅರ್ಧ ಮೀಟರ್ ದಾಟುತ್ತದೆ. ಕುಳ್ಳದ್ದು ನೀರಿಗೆ ತಕ್ಕ ರೂಪವೋ ಅಥವಾ ಬೇರೆ ಜಾತಿಯೇ ಆಗಿ ನಿಂತಿದೆಯೋ ಅನ್ನುವ ಚರ್ಚೆ ಬಹಳ ಕಾಲದಿಂದ ಇದೆ, ಡಿಎನ್‌ಎ ಕೆಲಸ ಬೇರೆ ವಂಶದ ಕಡೆಗೇ ಬೆರಳು ತೋರಿಸುತ್ತದೆ. ಅಡುಗೆ ವಿಷಯಕ್ಕೆ ಬಂದರೆ, ಇದನ್ನು ಬೆಣ್ಣೆ ಬೆಳ್ಳುಳ್ಳಿಯಲ್ಲಿ ಹುರಿಯಬೇಡಿ. ಗಟ್ಟಿ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಅಂಬೋಟಿಕ್ ಸಾರು ಮಾಡಿ, ಹುಳಿ ಖಾರ ಒಳಗೆ ಇಳಿದ ಮೇಲೆ ಅದರ ರುಚಿಯೇ ಬೇರೆ. ರೇಟೂ ಕಡಿಮೆ. ನಾನು ಹೋದಾಗ ಖಾರಿವಾಡೊದ್ದು ಕಿಲೋಗೆ 400 ಇದ್ದರೆ ಇದು 220 ಇತ್ತು.

ಆಕ್ಟೋಪಸ್ ವಿಷಯದಲ್ಲಿ ಅಂಗಡಿಗೆ ನಾನು ಸ್ವಲ್ಪ ಅಂಕ ಕಡಿಮೆ ಕೊಡುತ್ತೇನೆ. ಒಂದೇ ಬುಟ್ಟಿ, ಒಂದೇ ರೇಟು, ಸ್ಲೇಟಿನ ಮೇಲೆ ಸುಮ್ನೆ ಆಕ್ಟೋಪಸ್ ಅಂತ. ನಾನು ಬುಟ್ಟಿ ಕೆದಕಿ ನೋಡಿದೆ. ಅದರಲ್ಲಿ ಎರಡು ಬಗೆ ಇದ್ದವು. ಒಂದನ್ನು ತಿರುಗಿಸಿ ಬಾಯಿಯ ಸುತ್ತ ಕೈಗಳ ಬುಡ ಅಗಲಿಸಿ ನೋಡಿದರೆ, ಕೈ ಕೈಗಳ ನಡುವಿನ ಪೊರೆಯಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತು. ಒಳಗೆ ಲೋಳೆಯ ಚೀಲ ಇರುತ್ತದೆ, ಒಟ್ಟು ಎಂಟು. ಇದು ಸಿಸ್ಟೋಪಸ್ ಇಂಡಿಕಸ್, ಇಂಗ್ಲಿಷಿನಲ್ಲಿ ಇದಕ್ಕೆ ಮುದುಕಿ ಆಕ್ಟೋಪಸ್ ಅನ್ನುವ ಅರ್ಥದ ಹೆಸರಿದೆ. ಇನ್ನೊಂದರ ಮೈಮೇಲೆ ಕಪ್ಪು ನರದಂಥ ಗೆರೆ, ಕೈಗಳ ಅಂಚು ಕಪ್ಪು. ಅದು ತೆಂಗಿನ ಚಿಪ್ಪು ಹೊತ್ತುಕೊಂಡು ಹೋಗಿ ಮನೆ ಮಾಡಿಕೊಳ್ಳುತ್ತದೆ ಅಂತ 2009ರಲ್ಲಿ ಇಂಡೋನೇಷ್ಯಾದಿಂದ ಸುದ್ದಿಯಾಗಿತ್ತಲ್ಲ, ಅದೇ ಜಾತಿ. ಅಕ್ಕನಿಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ತೂತು ಹುಡುಕಿದರು. "ಇಷ್ಟು ವರ್ಷ ಕೈಯಲ್ಲಿ ಹಿಡಿದರೂ ನೋಡಿರಲಿಲ್ಲ" ಅಂದರು. ಮುಂದಿನ ವಾರ ಬುಟ್ಟಿ ಎರಡಾಗಿತ್ತು, ಆದರೆ ಜನ ಜಾಸ್ತಿಯಾದ ದಿನ ಮತ್ತೆ ಒಂದಾಗುತ್ತದೆ. ಇದನ್ನು ಅವರು ಬಿಡದೆ ಪಾಲಿಸಬೇಕು ಅಂತ ನನ್ನ ಆಸೆ.

ಆಕ್ಟೋಪಸ್‌ನಲ್ಲಿ ಈ ಹೆಸರಿನ ಗೊಂದಲ ಜಗತ್ತಿಗೇ ಇದೆ. ಆಕ್ಟೋಪಸ್ ವಲ್ಗಾರಿಸ್ ಅನ್ನುವ ಹೆಸರು 1797ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಇಟ್ಟದ್ದು. ಆಮೇಲೆ ಎಷ್ಟೋ ಕಾಲ ಮೆಡಿಟರೇನಿಯನ್‌ದೂ ಅದೇ, ಜಪಾನಿನದೂ ಅದೇ, ಬ್ರೆಜಿಲ್‌ದೂ ಅದೇ ಅಂತ ಮಾರಿದರು, ಲೆಕ್ಕ ಬರೆದರು. ಈಗ ಜಪಾನ್, ಚೀನಾ ಕಡೆಯದಕ್ಕೆ ಆಕ್ಟೋಪಸ್ ಸೈನೆನ್ಸಿಸ್, ಅಮೆರಿಕ ಖಂಡಗಳ ಪೂರ್ವ ಕರಾವಳಿಯದಕ್ಕೆ ಆಕ್ಟೋಪಸ್ ಅಮೆರಿಕಾನಸ್ ಅಂತ ಬೇರೆ ಹೆಸರು ಬಂದಿದೆ. ಇನ್ನೊಂದು ವಿಷಯ ಮೊಟ್ಟೆಯದು. ವಲ್ಗಾರಿಸ್ ಥರದವು ಅಕ್ಕಿ ನುಚ್ಚಿನಷ್ಟು ಸಣ್ಣ ಮೊಟ್ಟೆ ಲಕ್ಷಗಟ್ಟಲೆ ಇಡುತ್ತವೆ, ಮರಿ ವಾರಗಟ್ಟಲೆ ನೀರಿನ ಜೊತೆ ತೇಲುತ್ತದೆ, ದೂರ ದೂರ ಬೆರೆಯಲು ಅವಕಾಶ ಇದೆ. ಮೆಕ್ಸಿಕೋದ ಯುಕಟಾನ್‌ನಲ್ಲಿ ಮಾತ್ರ ಇರುವ ಆಕ್ಟೋಪಸ್ ಮಾಯಾ ದೊಡ್ಡ ಮೊಟ್ಟೆ ಇಡುತ್ತದೆ, ಮರಿ ಹುಟ್ಟಿದ ಕೂಡಲೇ ತಳಕ್ಕೆ ಇಳಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ನೀರು 27 ಡಿಗ್ರಿ ದಾಟಿದರೆ ಅದರ ಸಂತಾನಕ್ಕೆ ಪೆಟ್ಟು ಬೀಳುತ್ತದೆ. ತೇಲಿಕೊಂಡು ಬೇರೆ ಕಡೆ ಹೋಗೋಣ ಅಂದರೆ ಅದರ ಮರಿಗೆ ಆ ದಾರಿಯೇ ಇಲ್ಲ.

ನೀರು ಬೇರೆ, ವಂಶ ಬೇರೆ ಅಂತ ಇಷ್ಟು ಹೊತ್ತು ಎರಡು ಡಬ್ಬಿ ಮಾಡಿ ಹೇಳಿದೆ. ಆಕ್ಟೋಪಸ್ ಆ ಡಬ್ಬಿಗಳ ನಡುವಿನ ಗೋಡೆಯನ್ನೇ ಒಡೆಯುತ್ತದೆ. ಕ್ಯಾಲಿಫೋರ್ನಿಯಾದ ಎರಡು ಚುಕ್ಕೆ ಆಕ್ಟೋಪಸ್‌ನ ಜೀನೋಮ್, ಅಂದರೆ ಇಡೀ ಡಿಎನ್‌ಎ, 2015ರಲ್ಲಿ ಓದಿದರು. ಅದೇ ಜಾತಿಯ ಮೇಲೆ 2023ರಲ್ಲಿ ಇನ್ನೊಂದು ಕೆಲಸ ಬಂತು. ನೀರನ್ನು ತಣ್ಣಗೆ ಮಾಡಿದಾಗ ಆಕ್ಟೋಪಸ್ ತನ್ನ ಡಿಎನ್‌ಎ ಮುಟ್ಟುವುದಿಲ್ಲ, ಆದರೆ ಡಿಎನ್‌ಎಯಿಂದ ಹೊರಡುವ ಆರ್‌ಎನ್‌ಎ ಸಂದೇಶವನ್ನು ದಾರಿಯಲ್ಲೇ ತಿದ್ದುತ್ತದೆ. ಅದೂ 13 ಸಾವಿರಕ್ಕೂ ಹೆಚ್ಚು ಕಡೆ, ಅದರಲ್ಲಿ ಎಷ್ಟೋ ನರಕ್ಕೆ ಬೇಕಾದ ಪ್ರೋಟೀನುಗಳಲ್ಲೇ. ಬರೆದಿಟ್ಟ ಪದ್ಯ ಒಂದೇ, ಚಳಿಗೆ ಹಾಡುವಾಗ ಅಲ್ಲಲ್ಲಿ ಅಕ್ಷರ ಬೇರೆ. ಬುಟ್ಟಿಯಲ್ಲಿ ಮುದುಡಿ ಬಿದ್ದಿರುವ ಒಂದು ಆಕ್ಟೋಪಸ್ ನೋಡುವಾಗ ನನಗೆ ಈಗ ಇದೇ ನೆನಪಾಗುತ್ತದೆ, ಕೊಳ್ಳುವಾಗ ಬೇಕಾದಷ್ಟೇ ಕೊಳ್ಳುತ್ತೇನೆ.

ಗೋವಾದ ನೀರಿನ ಬಗ್ಗೆ ಒಂದು ಮಾತು. ದೋನಾ ಪಾವ್ಲದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಕಾಂದೋಳಿ (ಕ್ಯಾಂಡೋಲಿಮ್) ಎದುರಿನ ಸಮುದ್ರದಲ್ಲಿ 1997ರಿಂದ ನೀರು ಅಳೆಯುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಆಳದ ತಣ್ಣನೆ ನೀರು ದಡದ ಕಡೆ ಏರಿ ಬರುತ್ತದೆ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ಸ್ಕ್ವಿಡ್‌ನ ರಕ್ತ ನೀಲಿ, ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರಲ್ಲಿ ತಾಮ್ರ ಮಾಡುತ್ತದೆ, ಆಮ್ಲಜನಕ ಹೊರುವುದು ಕಡಿಮೆ. ಮೂರು ಹೃದಯ ಇಟ್ಟುಕೊಂಡು ಸದಾ ಓಡಾಡುವ ಪ್ರಾಣಿಗೆ ಅದು ಕಷ್ಟದ ಕಾಲ. ಸೆಪ್ಟೆಂಬರ್‌ನಲ್ಲಿ ಈ ಅಂಗಡಿಗೆ ಹೋದರೆ ಒಂದು ದಿನ ಖಾರಿವಾಡೊ ಕ್ರೇಟ್ ತುಂಬಿ ಚೆಲ್ಲುತ್ತದೆ, ಮರುದಿನ ಖಾಲಿ. ಖಾಲಿ ಇದ್ದಾಗ ಬೇರೆ ಕಡೆಯದ್ದನ್ನು ಆ ಕ್ರೇಟಿಗೆ ಸುರಿಯುವುದಿಲ್ಲ. ಸ್ಲೇಟಿನ ಮೇಲೆ "ಇಲ್ಲ" ಅಂತ ಬರೆದು ಬಿಡುತ್ತಾರೆ. ಇದೊಂದಕ್ಕೇ ನಾನು ಐದಕ್ಕೆ ಐದು ಕೊಡಲು ತಯಾರು.

ಇನ್ನೊಂದು ಮೆಚ್ಚಿದ ವಿಷಯ, ಲೈಟ್ ಹಾಕಿ ಹಿಡಿದ ಮಾಲನ್ನು ಅವರು ತಗೊಳ್ಳುವುದಿಲ್ಲ. ಎಲ್‌ಇಡಿ ಬೆಳಕಿನ ಮೀನುಗಾರಿಕೆಗೆ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಹಾಕಿದೆ, ಆದರೂ ರಾತ್ರಿ ದಡದಲ್ಲಿ ನಿಂತರೆ ದೂರದಲ್ಲಿ ಬಿಳಿ ಬೆಳಕು ಕಾಣುತ್ತದೆ. ಬೆಳಕಿಗೆ ಮಾಣಕಿ ಗುಂಪುಗುಂಪಾಗಿ ಬರುತ್ತದೆ, ಮೊಟ್ಟೆ ಇಡಬೇಕಾದದ್ದೂ ಬರುತ್ತದೆ. ವರ್ಷಕ್ಕೊಂದು ತಲೆಮಾರು ಇರುವ ಪ್ರಾಣಿ ಇದು. ಒಂದು ವರ್ಷದ ತಾಯಂದಿರನ್ನು ಬಾಚಿದರೆ ಮುಂದಿನ ವರ್ಷಕ್ಕೆ ಹಿಂದಿನ ವರ್ಷದ ಅಜ್ಜಿಯರು ಯಾರೂ ಉಳಿದಿರುವುದಿಲ್ಲ. ಕೇರಳದ ನಂತರ ಮಹಾರಾಷ್ಟ್ರವೂ 2023ರಲ್ಲಿ 54 ಜಾತಿಗಳಿಗೆ ಇಷ್ಟಕ್ಕಿಂತ ಸಣ್ಣದು ಹಿಡಿಯಬಾರದು ಅಂತ ಅಳತೆ ಹಾಕಿತು, ಒಳ್ಳೆಯದೇ. ಆದರೆ ನನ್ನ ಅಡುಗೆಮನೆ ಕಟ್ಟೆ ಮೇಲಿನ ಆ ಬೆರಳುದ್ದದ ತಾಯಿ ನೋಡಿದ ಮೇಲೆ, ಅಳತೆಯ ಜೊತೆಗೆ ಯಾವ ಜಾಗ, ಯಾವ ತಿಂಗಳು ಅಂತಲೂ ನೋಡಬೇಕು ಅನ್ನಿಸುತ್ತದೆ.

ಕೊರತೆಗಳನ್ನೂ ಹೇಳುತ್ತೇನೆ. ಸ್ವಚ್ಛ ಮಾಡಿಕೊಡುವ ಹುಡುಗ ಮಾಣಕಿ ಸೀಳಿ ಸಿಹಿನೀರಿನ ಬಕೆಟ್‌ನಲ್ಲಿ ಮುಳುಗಿಸಿ ಇಡುತ್ತಾನೆ, ಸರದಿ ಬರುವ ತನಕ. ಹದಿನೈದು ನಿಮಿಷ ನೆನೆದರೆ ಮಾಂಸ ನೀರು ಕುಡಿದು ಸಪ್ಪೆಯಾಗುತ್ತದೆ. ಎರಡು ಸಲ ಹೇಳಿದೆ, ಈಗ ನನ್ನದನ್ನು ಹರಿಯುವ ನೀರಲ್ಲಿ ತೊಳೆದು ಕೊಡುತ್ತಾನೆ, ಬೇರೆಯವರದ್ದು ಇನ್ನೂ ಬಕೆಟ್‌ನಲ್ಲೇ. ನೀವೂ ಮೊದಲೇ ಹೇಳಿ. ಚರ್ಮವನ್ನು ಕೇಳದೆಯೇ ಸುಲಿದುಬಿಡುತ್ತಾರೆ. ಸಣ್ಣ ಮಾಣಕಿಗೆ ಚರ್ಮ ಇದ್ದರೇ ರುಚಿ, ಬೇಡ ಅನ್ನಿ. ಮಸಿಯ ಚೀಲ ಬೇಕು ಅಂದರೆ ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ. ಆಕ್ಟೋಪಸ್ ಸ್ವಚ್ಛ ಮಾಡುವುದು ಆ ಹುಡುಗನಿಗೆ ಸರಿಯಾಗಿ ಬರುವುದಿಲ್ಲ, ಕೊಕ್ಕು ಒಳಗೇ ಬಿಟ್ಟಿದ್ದ ಒಂದು ಸಲ. ಮನೆಯಲ್ಲೇ ಮಾಡಿಕೊಳ್ಳಿ. ಭಾನುವಾರ ಗದ್ದಲ, ಗಾಡಿ ನಿಲ್ಲಿಸಲು ಜಾಗ ಇಲ್ಲ. ಯುಪಿಐ ನಡೆಯುತ್ತದೆ, ಕಾರ್ಡ್ ಇಲ್ಲ.

ಜೂನ್, ಜುಲೈಯಲ್ಲಿ ಫ್ರೋಜನ್ ಮಾರುತ್ತಾರೆ, ಮೇ ತಿಂಗಳಲ್ಲಿ ತಾವೇ ಪ್ಯಾಕ್ ಮಾಡಿ ಇಟ್ಟದ್ದು. ಪ್ಯಾಕೆಟ್ ಮೇಲೆ ಪೇಪರ್ ಚೀಟಿ, ಅದರಲ್ಲೂ ಜೆಟ್ಟಿ, ದಿನಾಂಕ. ಹೋದ ಜುಲೈಯಲ್ಲಿ ಚಿಕ್ಕಮ್ಮನ ಮೊಮ್ಮಕ್ಕಳು ಮತ್ತೆ ಬಂದಿದ್ದರು. ಖಾರಿವಾಡೊ, ಮೇ 19 ಅಂತ ಬರೆದ ಎರಡು ಪ್ಯಾಕೆಟ್ ತಂದೆ. ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ರಾತ್ರಿಯಿಡೀ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಒರೆಸಿ, ಉಪ್ಪು ಅರಿಶಿನ ಹಚ್ಚಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಒಂದೂವರೆ ನಿಮಿಷ. ದೊಡ್ಡ ಹುಡುಗಿ ಆ ಚೀಟಿ ಎತ್ತಿ ಇಟ್ಟುಕೊಂಡಿದ್ದಾಳೆ, ಖಾರಿವಾಡೊ ಎಲ್ಲಿದೆ ತೋರಿಸು ಅಂದಳು. ಮರುದಿನ ಬೆಳಗ್ಗೆ ಮಳೆಯಲ್ಲೇ ಕರೆದುಕೊಂಡು ಹೋದೆ. ಬೋಟುಗಳೆಲ್ಲ ನೀಲಿ ತಾಡಪಾಲು ಹೊದ್ದು ಸಾಲಾಗಿ ನಿಂತಿದ್ದವು.